ಪುಸ್ತಕ ಮುಚ್ಚಿ ನೋಡಿ: ಓದಿದ್ದು ನೆನಪಿನಲ್ಲಿ ಉಳಿಯಲು ಏನು ಮಾಡಬೇಕು

ನಮ್ಮ ಓದುಗರ ಬಳಗಕ್ಕೆ ಹೊಸದಾಗಿ ಬಂದವರು ಎರಡನೇ ವಾರಕ್ಕೆ ಕೇಳಿಯೇ ಕೇಳುತ್ತಾರೆ: “ಓದೋದೇನೋ ಓದ್ತೀನಿ ಸಾರ್, ತಿಂಗಳು ಕಳೆದ್ರೆ ಏನೂ ನೆನಪಿರಲ್ಲ. ಏನ್ಮಾಡ್ಲಿ?” ಕೆಎಎಸ್ ಪರೀಕ್ಷೆಗೆ ಕೂತ ಹುಡುಗರದ್ದೂ ಇದೇ ದೂರು, ನಿವೃತ್ತರಾದ ಮೇಲೆ ಕಾದಂಬರಿಯ ರುಚಿ ಹತ್ತಿದವರದ್ದೂ ಇದೇ ದೂರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿ ಜ್ಞಾಪಕಶಕ್ತಿಯ ಲೇಹ್ಯವಿಲ್ಲ, ಅವಧಾನಿಗಳ ಗುಟ್ಟೂ ಇಲ್ಲ. ನಿಮ್ಮ ತಲೆ ಸರಿಯಾಗಿಯೇ ಇದೆ. ನಾವೆಲ್ಲ ಓದುವುದೆಂದರೆ ಒಳಗೆ ಹಾಕಿಕೊಳ್ಳುವುದು ಎಂದುಕೊಂಡಿದ್ದೇವೆ. ನೆನಪು ಗಟ್ಟಿಯಾಗುವುದು ಮಾತ್ರ ಹೊರಗೆ ತೆಗೆಯುವಾಗ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಮರೆವು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿದ, ತಾನೇ ಮರೆತ. ಮತ್ತೆ ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮ ಉಳಿಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯ ನಂತರ ಆ ಉಳಿತಾಯ ಸುಮಾರು ಶೇ. 44, ಒಂದು ದಿನದ ನಂತರ ಸುಮಾರು ಶೇ. 34, ತಿಂಗಳ ನಂತರ ಸುಮಾರು ಶೇ. 21. ಇದನ್ನೇ ಮರೆವಿನ ರೇಖೆ ಎನ್ನುತ್ತಾರೆ. ಅರ್ಥವಿರುವ ಪುಸ್ತಕವನ್ನು ನಾವು ಇಷ್ಟು ಬೇಗ ಮರೆಯುವುದಿಲ್ಲ, ಆದ್ದರಿಂದ ಈ ಅಂಕಿಗಳನ್ನು ನಿಮ್ಮ ಕಾದಂಬರಿಗೆ ಹಾಗೇ ಹಚ್ಚಬೇಡಿ. ರೇಖೆಯ ಆಕಾರವನ್ನು ಮಾತ್ರ ಗಮನಿಸಿ. ಹೆಚ್ಚಿನದು ಮೊದಲ ದಿನವೇ ಸೋರಿಹೋಗುತ್ತದೆ, ಆಮೇಲಿನ ಸೋರಿಕೆ ನಿಧಾನ. ಹಾಗಾಗಿ ಮೊದಲ ದಿನ ಏನಾದರೂ ಮಾಡಿದವರಿಗೆ ಲಾಭ.

ಬೇಕಾಗುವ ಸಾಮಾನು

ನೂರು ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ಎರಡು ಬಣ್ಣದ ಪೆನ್ನು, ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್. ಪುಟದ ಗುರುತಿಗೆ ಹಳೆಯ ಲಗ್ನಪತ್ರಿಕೆ ಬೇಕು. ಯಾಕೆಂದರೆ ಅದರ ಹಿಂಬದಿ ಖಾಲಿ ಇರುತ್ತದೆ, ಕಾಗದ ದಪ್ಪ, ಪುಸ್ತಕದೊಳಗೆ ಮಡಚಿಕೊಳ್ಳುವುದಿಲ್ಲ, ಮೇಲಾಗಿ ಯಾವ ಮನೆಯಲ್ಲೂ ಅದಕ್ಕೆ ಬರವಿಲ್ಲ. ಪುಸ್ತಕ ಹಿಡಿದು ಕೂತಾಗಲೆಲ್ಲ ಕೊನೆಯ ಹತ್ತು ನಿಮಿಷ ಓದಿಗಲ್ಲ, ಬರೆಯುವುದಕ್ಕೆ. ಓದುವ ಸಮಯ ಅಷ್ಟು ಕಡಿಮೆಯಾಗುತ್ತದೆ. ಅದಕ್ಕೆ ಒಪ್ಪದವರಿಗೆ ಈ ವಿಧಾನ ಒಗ್ಗುವುದಿಲ್ಲ.

1. ನೆನಪಿಡಬೇಕೋ ಬೇಡವೋ ಎಂದು ಮೊದಲು ತೀರ್ಮಾನಿಸಿ

ಎಲ್ಲ ಪುಸ್ತಕವನ್ನೂ ನೆನಪಿಡಬೇಕಿಲ್ಲ. ರೈಲಿನಲ್ಲಿ ಓದಿದ ಪತ್ತೇದಾರಿಯನ್ನು ಮರೆತರೆ ನಷ್ಟವೇನು? ಇನ್ನೊಮ್ಮೆ ಓದಿದಾಗ ಕೊಲೆಗಾರ ಯಾರೆಂದು ಮತ್ತೆ ಕುತೂಹಲ ಹುಟ್ಟುತ್ತದೆ, ಅದು ಲಾಭವೇ. ನಾನು ನಾಲ್ಕು ಪುಸ್ತಕ ಓದಿದರೆ ಒಂದಕ್ಕೆ ಮಾತ್ರ ಈ ವಿಧಾನ ಬಳಸುತ್ತೇನೆ. ಪ್ರತಿ ಪುಸ್ತಕಕ್ಕೂ ನೋಟ್‌ಬುಕ್ ತೆರೆದವರು ಎರಡನೇ ತಿಂಗಳಿಗೆ ನೋಟ್‌ಬುಕ್ಕನ್ನೂ ಬಿಡುತ್ತಾರೆ, ಓದನ್ನೂ ಬಿಡುತ್ತಾರೆ. ನಮ್ಮ ಬಳಗದಲ್ಲೇ ಕಂಡದ್ದು.

2. ಶುರು ಮಾಡುವ ಮುನ್ನ ಹತ್ತು ನಿಮಿಷ

ಇತಿಹಾಸ, ವಿಜ್ಞಾನ, ವಿಮರ್ಶೆ, ಆತ್ಮಕಥೆಗಳಾದರೆ ಪರಿವಿಡಿ ಮತ್ತು ಲೇಖಕರ ಅರಿಕೆಯನ್ನು ಓದಿ. ಆಮೇಲೆ ಲಗ್ನಪತ್ರಿಕೆಯ ಹಿಂದೆ ಎರಡು ಪ್ರಶ್ನೆ ಬರೆಯಿರಿ: ಈ ವಿಷಯದಲ್ಲಿ ನನಗೆ ಈಗಾಗಲೇ ಏನು ಗೊತ್ತು? ಈ ಪುಸ್ತಕದಿಂದ ಏನು ತಿಳಿಯಬೇಕು? ಹೊಸ ಸಂಗತಿ ನೆನಪಿನಲ್ಲಿ ನಿಲ್ಲಬೇಕಾದರೆ ಹಳೆಯದೊಂದು ಗೂಟ ಬೇಕು. ಆ ಗೂಟ ಎಲ್ಲಿದೆ ಎಂದು ಮೊದಲೇ ಮುಟ್ಟಿ ನೋಡಿಕೊಂಡಂತೆ ಇದು.

ಎಚ್ಚರಿಕೆ: ಕಾದಂಬರಿಯಾದರೆ ಮುನ್ನುಡಿಯನ್ನು ಕೊನೆಗೆ ಓದಿ. ನಮ್ಮಲ್ಲಿ ಮುನ್ನುಡಿ ಬರೆಯುವವರು ಕಥೆಯನ್ನೂ ಹೇಳಿಬಿಡುತ್ತಾರೆ, ತೀರ್ಪನ್ನೂ ಕೊಟ್ಟುಬಿಡುತ್ತಾರೆ. ಆರು ತಿಂಗಳ ಮೇಲೆ ನಿಮಗೆ ನೆನಪಿರುವುದು ನಿಮ್ಮ ಓದೋ ಅವರ ಮುನ್ನುಡಿಯೋ ಎಂದು ಬೇರ್ಪಡಿಸುವುದು ಕಷ್ಟ.

3. ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ, ಆದರೆ ಜಿಪುಣರಾಗಿ

ಹೆಚ್ಚಿನವರು ಮೋಸ ಹೋಗುವುದು ಅಡಿಗೆರೆಯಿಂದ. ಸಾಲಿನ ಕೆಳಗೆ ಗೀಟು ಎಳೆದ ಕೂಡಲೇ ‘ಇದು ನನ್ನದಾಯಿತು’ ಅನ್ನಿಸುತ್ತದೆ. ಅದು ಕಾಗದದ್ದಾಗಿದೆ, ನಿಮ್ಮದಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ಕಲಿಕೆಯ ವಿಧಾನಗಳ ಮೇಲಿನ ಸಂಶೋಧನೆಗಳನ್ನು ಒಟ್ಟಿಗೆ ತೂಗಿ 2013ರಲ್ಲಿ ಪ್ರಕಟಿಸಿದರು. ಗೀಟು ಹಾಕುವುದು, ಬಣ್ಣ ಬಳಿಯುವುದು, ಮತ್ತೆ ಮತ್ತೆ ಓದುವುದು ಇವೆಲ್ಲ ಕಡಿಮೆ ಪ್ರಯೋಜನದ ಸಾಲಿಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಬಿಡುವು ಕೊಟ್ಟು ಪುನರಾವರ್ತಿಸುವುದು ಇವೆರಡೇ ಮೇಲಿನ ಸಾಲಿನಲ್ಲಿ ನಿಂತವು.

ಗೀಟು ಹಾಕಲೇಬೇಕೆಂದರೆ ಎರಡು ನಿಯಮ ಇಟ್ಟುಕೊಳ್ಳಿ. ಓದುತ್ತಾ ಓದುತ್ತಾ ಎಳೆಯಬೇಡಿ. ಆ ಭಾಗ ಪೂರ್ತಿ ಮುಗಿಸಿ, ಹಿಂದಕ್ಕೆ ಬಂದು, ಯಾವುದು ಮುಖ್ಯ ಎಂದು ಆರಿಸಿ ಎಳೆಯಿರಿ. ಎರಡು ಪುಟಕ್ಕೆ ಒಂದು ಗುರುತು ಸಾಕು. ಗ್ರಂಥಾಲಯದ ಪುಸ್ತಕವಾದರೆ ಪೆನ್ಸಿಲ್ಲನ್ನೂ ತಾಗಿಸಬೇಡಿ, ಚೀಟಿ ಇಡಿ. (ಯಾರೋ ಹಸಿರು ಶಾಯಿಯಲ್ಲಿ ಅಂಚಿನ ತುಂಬ ‘ವ್ಹಾ!’ ಎಂದು ಬರೆದಿಟ್ಟ ಪುಸ್ತಕ ಓದಿದವರಿಗೆ ಈ ಸಂಕಟ ಗೊತ್ತು.) ಮೊಬೈಲ್, ಕಿಂಡಲ್‌ಗಳಲ್ಲಿ ಬೆರಳು ಸವರಿದರೆ ಗುರುತು ಬೀಳುತ್ತದಾದ್ದರಿಂದ ಮೋಸವೂ ಅಷ್ಟೇ ಸಲೀಸು.

ದೊಡ್ಡ ಕಾದಂಬರಿಗೆ ಗೀಟಿಗಿಂತ ವಂಶವೃಕ್ಷ ಉಪಯೋಗಕ್ಕೆ ಬರುತ್ತದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನೇ ತೆಗೆದುಕೊಳ್ಳಿ. ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಅಜ್ಜ ರಾಮ ಐತಾಳ, ಮೊಮ್ಮಗನೂ ರಾಮ. ನಮ್ಮ ಮನೆಗಳಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ಸಹಜ. ಓದುಗ ತಬ್ಬಿಬ್ಬಾಗುವುದೂ ಅಷ್ಟೇ ಸಹಜ. ನನ್ನ ಲಗ್ನಪತ್ರಿಕೆಯ ಹಿಂದೆ ಇದ್ದದ್ದು ಇಷ್ಟು: ಮೇಲೆ ನಡುವೆ ರಾಮ ಐತಾಳರು, ಎಡಕ್ಕೆ ಪಾರೋತಿ, ಬಲಕ್ಕೆ ಸತ್ಯಭಾಮೆ, ಪಕ್ಕದಲ್ಲಿ ವಿಧವೆ ಸೋದರಿ ಸರಸೋತಿ. ಸತ್ಯಭಾಮೆಯಿಂದ ಕೆಳಗೊಂದು ಗೆರೆ, ಅಲ್ಲಿ ಲಚ್ಚ. ಅವನ ಪಕ್ಕ ನಾಗವೇಣಿ. ಅವರ ಕೆಳಗೆ ರಾಮ. ಹೆಸರಿನ ಮುಂದೆ ಒಂದೇ ಒಂದು ಪದ, ಆ ಮನುಷ್ಯನನ್ನು ಹಿಡಿದುಕೊಡುವಂಥದ್ದು. ಲಚ್ಚನ ಮುಂದೆ ನಾನು ‘ಮನೆಮುರುಕ’ ಎಂದು ಬರೆದಿದ್ದೆ. ಇಡೀ ಕಾದಂಬರಿಯ ಅಸ್ಥಿಪಂಜರ ಅಂಗೈ ಅಗಲದ ಕಾಗದದಲ್ಲಿ ಕೂತಿತು. ಇದನ್ನು ಮುದ್ರಿಸಿ ಕೊಟ್ಟ ಪುಸ್ತಕಗಳೂ ಇವೆ, ಅಂತರ್ಜಾಲದಲ್ಲೂ ಸಿಗುತ್ತದೆ. ಆದರೂ ನೀವೇ ಬರೆಯಿರಿ. ಯಾರಿಗೆ ಯಾರು ಏನಾಗಬೇಕು ಎಂದು ತಡಕಾಡುವ ಆ ಅರ್ಧ ನಿಮಿಷದಲ್ಲೇ ಕೆಲಸ ಆಗುವುದು.

4. ಪುಸ್ತಕ ಮುಚ್ಚಿ, ಬರೆಯಿರಿ

ಉಳಿದದ್ದೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ. ಒಂದು ಅಧ್ಯಾಯ ಮುಗಿದ ಕೂಡಲೇ ಅಥವಾ ಆ ಹೊತ್ತಿನ ಓದು ಮುಗಿದ ಕೂಡಲೇ ಪುಸ್ತಕ ಮುಚ್ಚಿ. ಬರೀ ಮುಚ್ಚಿದರೆ ಸಾಲದು, ಕೈಗೆಟುಕದ ಕಡೆ ಇಡಿ. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಏನು ನೆನಪಾಗುತ್ತದೋ ಅದನ್ನು ನಿಮ್ಮ ಮಾತಿನಲ್ಲಿ ಐದು ನಿಮಿಷ ಬರೆಯಿರಿ. ವಾಕ್ಯ ಸರಿಯಿರಬೇಕಿಲ್ಲ. ಹೆಸರು ಮರೆತರೆ ಅಲ್ಲಿ ಖಾಲಿ ಜಾಗ ಬಿಟ್ಟು ಪ್ರಶ್ನೆಚಿಹ್ನೆ ಹಾಕಿ. ಇನ್ನೇನೂ ಹೊಳೆಯುತ್ತಿಲ್ಲ ಅನ್ನಿಸಿದ ಮೇಲೂ ಒಂದು ನಿಮಿಷ ಸುಮ್ಮನೆ ಕೂತಿರಿ; ಒಳ್ಳೆಯ ಒಂದೆರಡು ಸಂಗತಿ ಆಗಲೇ ಮೇಲೆ ಬರುವುದು. ಆಮೇಲೆ ಪುಸ್ತಕ ತೆರೆದು ಇನ್ನೊಂದು ಬಣ್ಣದ ಪೆನ್ನಿನಲ್ಲಿ ತಿದ್ದಿ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ. ನೀಲಿಯಲ್ಲಿ: “ಐತಾಳರಿಗೆ ಪಾರೋತಿಯಲ್ಲಿ ಮಕ್ಕಳಿಲ್ಲ. ಎರಡನೇ ಮದುವೆ. ಆಕೆ ಹೆಸರು ??. ಸರಸೋತಿ ಐತಾಳರ ನಾದಿನಿ.” ಕೆಂಪಿನಲ್ಲಿ: “ಸತ್ಯಭಾಮೆ. ಸರಸೋತಿ ನಾದಿನಿ ಪಾರೋತಿಗೆ! ಐತಾಳರಿಗೆ ಒಡಹುಟ್ಟಿದವಳು.” ಸತ್ಯಭಾಮೆಯ ಹೆಸರನ್ನು ಆಮೇಲೆ ಎಂದೂ ಮರೆತಿಲ್ಲ. ಕೆಂಪಾಗಿ ಬಿದ್ದದ್ದು ಅಚ್ಚೊತ್ತುತ್ತದೆ.

ಇದು ಬರೀ ನನ್ನ ಅನುಭವವಲ್ಲ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಒಂದು ಗದ್ಯಭಾಗವನ್ನು ಎರಡು ಸಲ ಓದುವುದು ಒಂದು ಬಗೆ. ಒಂದು ಸಲ ಓದಿ, ಎರಡನೇ ಸಲ ಓದುವ ಬದಲು ನೋಡದೆ ನೆನಪಿನಿಂದ ಬರೆಯುವುದು ಇನ್ನೊಂದು ಬಗೆ. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮೇಲಾಯಿತು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು: ಎರಡು ಸಲ ಓದಿದಾಗ ಉಳಿದದ್ದು ಶೇ. 42, ಬರೆದು ನೋಡಿದಾಗ ಶೇ. 56. ಮೊದಲ ಐದು ನಿಮಿಷದ ಫಲಿತಾಂಶವೇ ನಮ್ಮನ್ನು ಹಾದಿ ತಪ್ಪಿಸುವುದು. ಮತ್ತೊಮ್ಮೆ ಓದಿದಾಗ ಎಲ್ಲ ಪರಿಚಿತವಾಗಿ ಕಾಣುತ್ತದೆ. ಮುಖಪರಿಚಯವಿದ್ದ ಮಾತ್ರಕ್ಕೆ ಹೆಸರು ಗೊತ್ತಿದೆ ಎಂದಾಗುವುದಿಲ್ಲವಲ್ಲ.

ಈ ಹಂತದಲ್ಲಿ ಜನ ಎಡವುವುದು ಮೂರು ಕಡೆ. ಒಂದು, ಪುಸ್ತಕ ತೆರೆದಿಟ್ಟುಕೊಂಡು ಸಾರಾಂಶ ಬರೆಯುವುದು. ಅದು ನಕಲು, ಕೈಗೆ ಮಾತ್ರ ವ್ಯಾಯಾಮ. ಎರಡು, ಮೊದಲ ವಾರ ನಾಲ್ಕೇ ಸಾಲು ಬಂತೆಂದು ಬೇಸರಪಟ್ಟು ಬಿಡುವುದು. ನಾಲ್ಕೇ ಸಾಲು ಬರುವುದು ಎಲ್ಲರಿಗೂ, ಆ ತಿಣುಕಾಟವೇ ಮದ್ದು. ಮೂರು, ಬರೆದಾಯಿತೆಂದು ತಿದ್ದದೆ ಬಿಡುವುದು. ಇದು ಹೆಚ್ಚು ಅಪಾಯ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ದಿನಗಳು ಕಳೆದಂತೆ ಅವರು ಅದನ್ನು ಹೇಗೆ ಹೇಳುತ್ತಾರೆಂದು ಗಮನಿಸಿದ. 1932ರ ತನ್ನ ಪುಸ್ತಕದಲ್ಲಿ ಅದನ್ನು ವಿವರಿಸಿದ. ಕಥೆಯಲ್ಲಿದ್ದ ಸೀಲ್ ಬೇಟೆ ಅವರ ಬಾಯಲ್ಲಿ ಮೀನು ಹಿಡಿಯುವುದಾಯಿತು, ಅಲ್ಲಿನವರ ಕನೂ ಎಂಬ ಕಿರುದೋಣಿ ಮಾಮೂಲು ದೋಣಿಯಾಯಿತು. ಮರೆತ ಜಾಗಕ್ಕೆ ನಮ್ಮ ತಲೆ ತನಗೆ ಗೊತ್ತಿರುವುದನ್ನೇ ತಂದು ತುಂಬುತ್ತದೆ, ಅನುಮಾನವೂ ಬಾರದ ಹಾಗೆ.

5. ಕ್ಯಾಲೆಂಡರಿನಲ್ಲಿ ನಾಲ್ಕು ಗುರುತು

ಪುಸ್ತಕ ಮುಗಿದ ದಿನವೇ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಪುಸ್ತಕದ ಹೆಸರಿನ ಮೊದಲ ಅಕ್ಷರ ಬರೆಯಿರಿ: ನಾಳೆಯ ಚೌಕದಲ್ಲಿ, ವಾರದ ನಂತರ, ತಿಂಗಳ ನಂತರ, ಮೂರು ತಿಂಗಳ ನಂತರ. ಆ ದಿನ ಬಂದಾಗ ಪುಸ್ತಕ ಮುಟ್ಟಬೇಡಿ. ಹಾಲು ಉಕ್ಕುವುದನ್ನು ಕಾಯುವಾಗಲೋ ಬಸ್ಸಿನಲ್ಲೋ ಎರಡು ನಿಮಿಷ ಮನಸ್ಸಿನಲ್ಲೇ ಅದನ್ನು ಮಗುಚಿ ನೋಡಿ. ಸಿಕ್ಕಿಹಾಕಿಕೊಂಡ ಕಡೆ ಮಾತ್ರ ಸಂಜೆ ನೋಟ್‌ಬುಕ್ ತೆರೆಯಿರಿ. ಇದಕ್ಕೆ ಅಂತರದ ಪುನರಾವರ್ತನೆ ಎಂದು ಹೆಸರು. ಅಂದರೆ ಒಂದೇ ದಿನ ನಾಲ್ಕು ಸಲ ತಿರುವಿಹಾಕುವ ಬದಲು, ಅದೇ ನಾಲ್ಕು ಸಲವನ್ನು ದೂರದೂರಕ್ಕೆ ಹರಡುವುದು. ಸ್ವಲ್ಪ ಮರೆಯಲು ಬಿಟ್ಟು ಮತ್ತೆ ಎಳೆದು ತಂದರೆ ಹಿಡಿತ ಬಿಗಿಯಾಗುತ್ತದೆ.

ಪರೀಕ್ಷೆಗೆ ಓದುವವರಿಗೆ ಇಸವಿ, ವ್ಯಾಖ್ಯೆ, ಕಲಮುಗಳೆಂದು ಬಿಡಿ ಸಂಗತಿಗಳು ನೂರಾರು ಇರುತ್ತವೆ, ಕ್ಯಾಲೆಂಡರ್ ಸಾಲದು. ಅವರು ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1972ರಲ್ಲಿ ಹೇಳಿಕೊಟ್ಟ ಡಬ್ಬಿಯ ಉಪಾಯ ಮಾಡಲಿ. ರಟ್ಟಿನ ಚೀಟಿಯ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಚಪ್ಪಲಿ ಡಬ್ಬಿಯಲ್ಲಿ ನಾಲ್ಕೈದು ಖಾನೆ ಮಾಡಿ. ಸರಿಯುತ್ತರ ಬಂದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಎಲ್ಲಿದ್ದರೂ ಮೊದಲ ಖಾನೆಗೆ ವಾಪಸ್. ಮೊದಲ ಖಾನೆ ದಿನವೂ, ಮುಂದಿನವು ಹೆಚ್ಚು ಹೆಚ್ಚು ದಿನಕ್ಕೊಮ್ಮೆ. ಗೊತ್ತಿರುವುದನ್ನೇ ಮತ್ತೆ ಮತ್ತೆ ಓದಿ ಖುಷಿಪಡುವ ಚಾಳಿಗೆ ಇದು ಕಡಿವಾಣ.

6. ಯಾರಿಗಾದರೂ ಹೇಳಿ

ನಮ್ಮ ಊರುಗಳಲ್ಲಿ ಅಕ್ಷರ ಬಾರದವರ ಬಾಯಲ್ಲೂ ಕುಮಾರವ್ಯಾಸ ಇದ್ದ. ಒಬ್ಬರು ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ವ್ಯಾಖ್ಯಾನ ಹೇಳುವುದು, ಕೇಳಿದವರು ಮನೆಗೆ ಹೋಗಿ ಮಿಕ್ಕವರಿಗೆ ಹೇಳುವುದು: ಗಮಕದ ಈ ಪದ್ಧತಿಯಲ್ಲಿ ಕಾವ್ಯ ಹಾಳೆಯ ಮೇಲೆ ಸುಮ್ಮನೆ ಬಿದ್ದಿರಲಿಲ್ಲ, ಬಾಯಿಂದ ಬಾಯಿಗೆ ಓಡಾಡುತ್ತಿತ್ತು.

ಹಾಗಾಗಿ ಊಟದ ಹೊತ್ತಿಗೆ ಕಥೆ ಹೇಳಿ. ‘ಚೆನ್ನಾಗಿದೆ, ಓದಿ’ ಎಂದರೆ ಅದು ಶಿಫಾರಸು, ಕಥೆಯಲ್ಲ. ಕೇಳುವವರು ಆ ಪುಸ್ತಕ ಓದಿರದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅವರು ಬಿಡುವುದಿಲ್ಲ. ನಾನು ಐತಾಳರ ಕಥೆಯನ್ನು ಅಮ್ಮನಿಗೆ ಹೇಳುತ್ತಿದ್ದೆ. ಆಕೆ ಹುರುಳಿಕಾಯಿ ಸೋಸುತ್ತಿದ್ದವಳು ತಲೆ ಎತ್ತದೆ, “ಎರಡನೇ ಮದುವೆ ಆದ ಅಂದ್ಯಲ್ಲ, ಮೊದಲನೇಳು ಏನಂದ್ಲೋ?” ಅಂದಳು. “ಏನೋ... ಸುಮ್ನಿದ್ಲು ಅನ್ಸತ್ತೆ ಅಮ್ಮ.” “ಅನ್ಸತ್ತೆ ಅಂದ್ರೇನೋ? ಓದಿದ್ಯೋ ಇಲ್ವೋ?” ಎದ್ದು ಹೋಗಿ ಪುಸ್ತಕ ತೆರೆದೆ. ಯಾವ ಪ್ರಶ್ನೆಪತ್ರಿಕೆಯೂ ಇಷ್ಟು ನೇರವಾಗಿ ನನ್ನ ಓದಿನ ತೂತಿಗೆ ಬೆರಳಿಟ್ಟಿರಲಿಲ್ಲ.

ಕೇಳುವವರು ಯಾರೂ ಇಲ್ಲದಿದ್ದರೆ ಮೊಬೈಲಿನಲ್ಲಿ ಮೂರು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಸ್ನೇಹಿತರಿಗೆ ಕಳಿಸಿ. ಅವರು ಕೇಳದಿದ್ದರೂ ನಡೆಯುತ್ತದೆ.

7. ಪದ್ಯಕ್ಕೆ ಬೇರೆ ದಾರಿ

ಗದ್ಯದಲ್ಲಿ ಸಂಗತಿ ನೆನಪಿದ್ದರೆ ಸಾಕು, ಪದ್ಯದಲ್ಲಿ ಪದವೇ ನೆನಪಿರಬೇಕು. ಇಲ್ಲಿ ಕನ್ನಡ ಛಂದಸ್ಸೇ ನಿಮ್ಮ ಸಹಾಯಕ್ಕಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ನಮ್ಮ ಹಳೆಯ ಪದ್ಯಗಳಲ್ಲಿ ಆದಿಪ್ರಾಸ ಇರುತ್ತದೆ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ. ಷಟ್ಪದಿಯ ಆರೂ ಸಾಲುಗಳಲ್ಲಿ ಇದನ್ನು ಕಾಣಬಹುದು. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ದ (1943) 945 ಪದ್ಯಗಳೂ ನಾಲ್ಕು ನಾಲ್ಕು ಸಾಲಿನವು, ಅಲ್ಲೂ ಈ ಪ್ರಾಸವೇ ದಾರಿದೀಪ. ಮೂರನೇ ಸಾಲು ಮರೆತರೆ ಮೊದಲ ಸಾಲಿನ ಎರಡನೇ ಅಕ್ಷರ ನೋಡಿಕೊಳ್ಳಿ. ಅದು ‘ರ’ಕಾರವಾದರೆ ಮರೆತ ಸಾಲಿನಲ್ಲೂ ಅದೇ ಜಾಗದಲ್ಲಿ ‘ರ’ಕಾರ ಕಾದಿರುತ್ತದೆ. ಅರ್ಧ ಪದ ಸಿಕ್ಕಿದಂತೆಯೇ.

ಮಾಡುವ ಕ್ರಮ: ಪದ್ಯವನ್ನು ಮೂರು ಸಲ ಗಟ್ಟಿಯಾಗಿ ಓದಿ, ಅರ್ಥ ಬಿಡಿಸಿಕೊಳ್ಳಿ. ಕೊನೆಯ ಸಾಲನ್ನು ಕೈಯಿಂದ ಮುಚ್ಚಿ ಪೂರ್ತಿ ಹೇಳಿ. ಬಂದರೆ ಕೊನೆಯ ಎರಡು ಸಾಲು ಮುಚ್ಚಿ. ಹೀಗೆ ಕೆಳಗಿನಿಂದ ಮೇಲಕ್ಕೆ. ದಿನಕ್ಕೊಂದು ಸಾಕು. ನಿನ್ನೆಯದನ್ನು ಹೇಳದೆ ಇವತ್ತಿನದನ್ನು ಶುರು ಮಾಡಬೇಡಿ. ಅರ್ಥ ಬಿಟ್ಟು ಉರು ಹೊಡೆದರೆ ನಡುವೆ ಒಂದು ಪದ ಜಾರಿದ ಕೂಡಲೇ ಇಡೀ ಪದ್ಯ ಕುಸಿಯುತ್ತದೆ.

ಪದೇ ಪದೇ ಬರುವ ಇನ್ನು ಕೆಲವು ಪ್ರಶ್ನೆಗಳು

ಕೇಳುಪುಸ್ತಕಕ್ಕೂ ಇದು ನಡೆಯುತ್ತದೆಯೇ? ನಡೆಯುತ್ತದೆ. ಆದರೆ ನಿಲ್ಲಿಸಿ ಹೇಳಿಕೊಳ್ಳಬೇಕು. ಟ್ರಾಫಿಕ್ಕಿನಲ್ಲಿ ಒಂದು ಕಿವಿಯಲ್ಲಿ ಕೇಳಿದ್ದು ಇನ್ನೊಂದು ಕಿವಿಯಿಂದ ಹೋದರೆ ದೂರು ಹೇಳಬೇಡಿ.

ಒಟ್ಟಿಗೆ ಮೂರ್ನಾಲ್ಕು ಪುಸ್ತಕ ಓದಬಹುದೇ? ಓದಿ, ಆದರೆ ಒಂದೇ ಬಗೆಯ ಎರಡು ಬೇಡ. ಎರಡು ಕೂಡುಕುಟುಂಬದ ಕಾದಂಬರಿಗಳನ್ನು ಒಟ್ಟಿಗೆ ಹಿಡಿದರೆ ಈ ಮನೆಯ ಅತ್ತೆ ಆ ಮನೆಗೆ ಹೋಗಿ ಕೂರುತ್ತಾಳೆ.

ರಾತ್ರಿ ಮಲಗುವ ಮುಂಚೆ ಓದುವುದು? ನಿದ್ದೆ ನೆನಪಿಗೆ ಒಳ್ಳೆಯದೇ. ಆದರೆ ಪುಸ್ತಕ ಎದೆಯ ಮೇಲೆ ಬೀಳುವವರೆಗೆ ಓದಿದರೆ ಕೊನೆಯ ಹತ್ತು ಪುಟ ಲೆಕ್ಕಕ್ಕಿಲ್ಲ. ನಾಳೆ ಅವನ್ನು ಮತ್ತೆ ಓದಬೇಕು.

ವಯಸ್ಸಾಗಿದೆ, ಆಗುತ್ತದೆಯೇ? ನಮ್ಮ ಬಳಗದಲ್ಲಿ ಈ ನೋಟ್‌ಬುಕ್ಕನ್ನು ತಪ್ಪದೆ ಬರೆಯುವವರು ಎಪ್ಪತ್ತು ದಾಟಿದವರೇ. ಆದರೆ ಪುಸ್ತಕ ಮಾತ್ರವಲ್ಲದೆ ದಿನ ನೋಡುವವರ ಹೆಸರು, ಮನೆಯ ದಾರಿ, ಒಲೆಯ ಮೇಲಿಟ್ಟ ಪಾತ್ರೆ ಇವೂ ಮರೆಯತೊಡಗಿದ್ದರೆ ಅದು ಈ ಬರಹದ ವಿಷಯವಲ್ಲ, ವೈದ್ಯರ ಹತ್ತಿರ ಹೋಗಿ.

ಇಷ್ಟು ವರ್ಷ ಓದಿ ಮರೆತ ಪುಸ್ತಕಗಳ ಗತಿ? ಕಪಾಟಿನಿಂದ ನಿಮಗೆ ಪ್ರಿಯವಾದ ಒಂದನ್ನು ತೆಗೆಯಿರಿ. ತೆರೆಯುವ ಮೊದಲು, ರಟ್ಟು ನೋಡುತ್ತಾ, ನೆನಪಿರುವುದನ್ನು ನೀಲಿಯಲ್ಲಿ ಬರೆಯಿರಿ. ಒಂದು ಕೋಣೆ, ಯಾರೋ ಬಾಗಿಲಲ್ಲಿ ನಿಂತದ್ದು, ಮಳೆ... ಇಷ್ಟೇ ಇದ್ದರೂ ಸರಿ. ಎಬಿಂಗ್‌ಹೌಸ್ ಅಳೆದದ್ದು ಉಳಿತಾಯವನ್ನು ಎಂದು ಮೇಲೆ ಹೇಳಿದೆನಲ್ಲ, ಪೂರ್ತಿ ಹೋಯಿತು ಎಂದುಕೊಂಡದ್ದರಲ್ಲೂ ಒಂದಂಶ ಒಳಗೆ ಉಳಿದು ಎರಡನೇ ಕಲಿಕೆಯನ್ನು ಬೇಗ ಮಾಡಿಸುತ್ತದೆ. ಆಮೇಲೆ ಕೆಂಪು ಪೆನ್ನು ಕೈಯಲ್ಲಿ ಹಿಡಿದು ಮೊದಲ ಪುಟದಿಂದ ಓದಿ. ಮಳೆ ಬಂದದ್ದು ಈ ಪುಸ್ತಕದಲ್ಲೋ ಬೇರೆಯದರಲ್ಲೋ, ಅಲ್ಲೇ ಗೊತ್ತಾಗುತ್ತದೆ.